ಕಂಪನಿಯ ಫೋನ್ ವ್ಯವಸ್ಥೆಯನ್ನು ಇಂಟರ್ನೆಟ್‌ಗೆ ಬದಲಾಯಿಸುವುದು: ಲಾಭ ಎಲ್ಲಿದೆ, ಕೆಲಸ ಯಾವ ಕ್ರಮದಲ್ಲಿ ನಡೆಯಬೇಕು

ಹಳೆಯ ವ್ಯವಸ್ಥೆಯಲ್ಲಿ ಒಂದು ಫೋನ್ ನಂಬರ್ ಅಂದರೆ ಒಂದು ಜೋಡಿ ತಾಮ್ರದ ತಂತಿ. ಆ ತಂತಿ ಯಾವ ಗೋಡೆಗೆ ಬಂದು ಮುಟ್ಟುತ್ತದೋ ನಂಬರ್ ಕೂಡ ಅಲ್ಲೇ. ಕಚೇರಿ ಬದಲಾದರೆ ನಂಬರ್ ಬಿಡಬೇಕು, ಇಲ್ಲವೇ ಲೈನ್ ವರ್ಗಾವಣೆಗೆ ಕಾಯಬೇಕು. ಹತ್ತು ಜನ ಹೊಸಬರು ಸೇರಿದರೆ ಇಪಿಎಬಿಎಕ್ಸ್ ಪೆಟ್ಟಿಗೆಗೆ, ಅಂದರೆ ಕಚೇರಿಯೊಳಗಿನ ಪುಟ್ಟ ಎಕ್ಸ್‌ಚೇಂಜಿಗೆ, ಇನ್ನೊಂದು ಕಾರ್ಡ್ ಹಾಕಿಸಬೇಕು. ಇಂಟರ್ನೆಟ್ ಕರೆಯಲ್ಲಿ, ಅಂದರೆ ವಿಒಐಪಿಯಲ್ಲಿ, ನಂಬರ್ ಒಂದು ಖಾತೆ ಮಾತ್ರ. ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಹಾಕಿದ ಸಾಧನ ಎಲ್ಲಿದೆಯೋ ನಂಬರ್ ಅಲ್ಲಿ ಸದ್ದು ಮಾಡುತ್ತದೆ. ಮೇಜಿನ ಫೋನ್, ಲ್ಯಾಪ್‌ಟಾಪ್, ಮೊಬೈಲ್, ಮೂರೂ ಒಟ್ಟಿಗೆ ಬೇಕಾದರೂ ಸರಿ.

ಬಿಲ್ ಕಡಿಮೆಯಾಗುತ್ತದೆ ಎಂಬ ಒಂದೇ ಕಾರಣಕ್ಕೆ ಬದಲಾಗುವವರು ಇದರ ದೊಡ್ಡ ಪ್ರಯೋಜನವನ್ನು ಕೈಬಿಡುತ್ತಾರೆ. ನೆಟ್‌ವರ್ಕ್ ಸಿದ್ಧ ಮಾಡಿಕೊಳ್ಳದೆ ಬದಲಾಗುವವರು ಎರಡನ್ನೂ ಕಳೆದುಕೊಳ್ಳುತ್ತಾರೆ. ಮಾತು ಕಡಿದು ಕಡಿದು ಕೇಳಿಸತೊಡಗಿದರೆ ಸಿಬ್ಬಂದಿ ಒಂದೇ ವಾರದಲ್ಲಿ ತಮ್ಮ ಸ್ವಂತ ಮೊಬೈಲ್‌ಗೆ ಮರಳುತ್ತಾರೆ, ಗ್ರಾಹಕರ ಕರೆಗಳೆಲ್ಲ ಕಂಪನಿಯ ಕೈತಪ್ಪುತ್ತವೆ. ಆದ್ದರಿಂದ ಈ ಕೈಪಿಡಿಯ ಬಹುಪಾಲು ಸಿದ್ಧತೆಯ ಕುರಿತೇ ಇದೆ.

ಲಾಭದ ಲೆಕ್ಕ

ಮೊದಲ ಲಾಭ, ಲೈನ್‌ಗಳ ಸಂಖ್ಯೆಗೂ ಜನರ ಸಂಖ್ಯೆಗೂ ಇರುವ ನಂಟು ಕಡಿಯುತ್ತದೆ. ನಲವತ್ತು ಜನರಿರುವ ಕಚೇರಿಯಲ್ಲಿ ಏಕಕಾಲಕ್ಕೆ ಹೊರಗಿನವರ ಜೊತೆ ಮಾತಾಡುವವರು ಹತ್ತು ಹನ್ನೆರಡು ಜನ ಇರಬಹುದು. ಸಿಪ್ ಎಂದರೆ ಇಂಟರ್ನೆಟ್ ಕರೆಯನ್ನು ಶುರುಮಾಡಿ ಮುಗಿಸುವ ನಿಯಮಾವಳಿ, ಸಿಪ್ ಟ್ರಂಕ್ ಎಂದರೆ ಅದರ ಮೂಲಕ ಸಿಗುವ ಹೊರಗಿನ ಲೈನ್; ಒಂದು ಚಾನೆಲ್‌ನಲ್ಲಿ ಒಂದು ಸಲಕ್ಕೆ ಒಂದು ಕರೆ. ಸಿಪ್ ಟ್ರಂಕ್‌ನಲ್ಲಿ ಅಷ್ಟು ಚಾನೆಲ್‌ಗೆ ಮಾತ್ರ ಹಣ ಕೊಡುತ್ತೀರಿ, ಆದರೆ ನಲವತ್ತೂ ಜನರಿಗೆ ಬೇರೆ ಬೇರೆ ನೇರ ನಂಬರ್ ಇಟ್ಟುಕೊಳ್ಳಬಹುದು. ಪಿಆರ್‌ಐ ಎಂಬ ಹಳೆಯ ಡಿಜಿಟಲ್ ಲೈನ್‌ನಲ್ಲಿ 30 ಚಾನೆಲ್‌ಗಳ ಕಟ್ಟು ಒಟ್ಟಿಗೇ ಬರುತ್ತಿತ್ತು. 31ನೆಯದು ಬೇಕೆಂದರೆ ಇನ್ನೊಂದು ಇಡೀ ಲೈನ್. ಇಲ್ಲಿ ಒಂದೊಂದಾಗಿ ಏರಿಸಬಹುದು. ಹಬ್ಬದ ಮಾರಾಟದ ತಿಂಗಳಿಗೆ ಐದು ಚಾನೆಲ್ ಹೆಚ್ಚಿಸಿ, ಮುಂದಿನ ತಿಂಗಳು ಇಳಿಸಲು ಅವಕಾಶ ಇದೆಯೇ ಎಂದು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಕೇಳಿ. ಏರಿಸಲು ಎಲ್ಲರೂ ಬಿಡುತ್ತಾರೆ, ಇಳಿಸಲು ಎಲ್ಲರೂ ಬಿಡುವುದಿಲ್ಲ.

ಎರಡನೆಯದು ಶಾಖೆಗಳದ್ದು. ಎರಡು ಊರಿನ ಕಚೇರಿಗಳು ಒಂದೇ ವ್ಯವಸ್ಥೆಯಲ್ಲಿದ್ದರೆ ಪರಸ್ಪರ ಕರೆ ಮೂರಂಕಿಯ ಎಕ್ಸ್‌ಟೆನ್ಷನ್ ಒತ್ತಿದಷ್ಟೇ ಸುಲಭ, ಅದಕ್ಕೆ ನಿಮಿಷದ ದರವೂ ಇಲ್ಲ. ಒಂದು ಕಡೆ ರಿಸೆಪ್ಷನಿಸ್ಟ್ ರಜೆಯಲ್ಲಿದ್ದರೆ ಇನ್ನೊಂದು ಕಡೆಯವರು ಎತ್ತಿಕೊಳ್ಳಬಹುದು. ಕಟ್ಟಡದಲ್ಲಿ ವಿದ್ಯುತ್ ಹೋದರೂ, ಹೋಸ್ಟ್ ಮಾಡಿದ, ಅಂದರೆ ಸೇವಾದಾರರ ಸರ್ವರ್‌ನಲ್ಲಿರುವ, ವ್ಯವಸ್ಥೆಯಾಗಿದ್ದರೆ, ಕರೆ ಮೊಬೈಲ್ ಆ್ಯಪ್‌ಗಳಿಗೆ ತಿರುಗುತ್ತದೆ.

ಮೂರನೆಯದಕ್ಕೆ ನಾವು ಹೆಚ್ಚು ಬೆಲೆ ಕೊಡುತ್ತೇವೆ: ದಾಖಲೆ. ಯಾವ ಕರೆ ಎಷ್ಟು ಹೊತ್ತಿಗೆ ಬಂತು, ಎಷ್ಟು ಸೆಕೆಂಡ್ ಕಾದಿತು, ಯಾರೂ ಎತ್ತದೆ ಯಾವುದು ಕಡಿದುಹೋಯಿತು ಎಂಬುದೆಲ್ಲ ಸಾಲುಸಾಲಾಗಿ ಸಿಗುತ್ತದೆ. ಹಳೆಯ ಲೈನ್‌ನಲ್ಲಿ ಎಂಗೇಜ್ ಸಿಕ್ಕಿ ಕರೆ ಬಿಟ್ಟ ಗ್ರಾಹಕನ ಬಗ್ಗೆ ಕಂಪನಿಗೆ ಸುಳಿವೇ ಇರುತ್ತಿರಲಿಲ್ಲ. ಎತ್ತದ ಕರೆಗಳ ಪಟ್ಟಿಯನ್ನು ದಿನಕ್ಕೆರಡು ಬಾರಿ ತೆಗೆದು ಮರಳಿ ಕರೆ ಮಾಡಲು ಒಬ್ಬರನ್ನು ನೇಮಿಸಿದರೆ, ಈ ಬದಲಾವಣೆಯ ಖರ್ಚನ್ನು ಸಮರ್ಥಿಸಲು ಬೇರೆ ಕಾರಣ ಹುಡುಕಬೇಕಾಗುವುದಿಲ್ಲ.

ಹಣದ ಲೆಕ್ಕವನ್ನು ಒಂದು ತಿಂಗಳ ಬಿಲ್ ಇಟ್ಟುಕೊಂಡು ಮಾಡಬೇಡಿ, 36 ತಿಂಗಳಿಗೆ ಮಾಡಿ. ಒಂದು ಕಡೆ ಹಳೆಯ ಲೈನ್‌ಗಳ ಬಾಡಿಗೆ, ಕರೆ ದರ, ಇಪಿಎಬಿಎಕ್ಸ್‌ನ ವಾರ್ಷಿಕ ನಿರ್ವಹಣೆ. ಇನ್ನೊಂದು ಕಡೆ ಬಳಕೆದಾರರ ಅಥವಾ ಚಾನೆಲ್ ಶುಲ್ಕ, ಹೊಸ ಫೋನ್‌ಗಳು, ಪಿಒಇ ಸ್ವಿಚ್ (ಫೋನ್‌ಗಳನ್ನು ಜೋಡಿಸಿ ನೆಟ್‌ವರ್ಕ್ ಕೇಬಲ್‌ನಲ್ಲೇ ವಿದ್ಯುತ್ ಕೊಡುವ ಪೆಟ್ಟಿಗೆ), ಯುಪಿಎಸ್, ಎರಡನೆಯ ಇಂಟರ್ನೆಟ್ ಸಂಪರ್ಕ. ಕೊನೆಯ ಎರಡನ್ನು ಮಾರಾಟಗಾರರು ಕೊಟೇಶನ್‌ನಲ್ಲಿ ತೋರಿಸುವುದು ಅಪರೂಪ. ಅವನ್ನೂ ಸೇರಿಸಿ ನೋಡಿದಾಗ, ಐದಾರು ಜನರಿರುವ, ಒಂದೇ ಜಾಗದ, ದಿನಕ್ಕೆ ಕೆಲವೇ ಕರೆ ಬರುವ ಕಚೇರಿಗೆ ಉಳಿತಾಯವೇ ಇಲ್ಲದಿರಬಹುದು. ಅಂಥವರು ಹಣಕ್ಕಾಗಿ ಬದಲಾಗುವ ಅಗತ್ಯವಿಲ್ಲ. ಓಡಾಟದ ಅನುಕೂಲ ಬೇಕಿದ್ದರೆ ಮಾತ್ರ ಬದಲಾಗಲಿ.

ಬದಲಾಗದೆ ಇರುವ ಆಯ್ಕೆಯೂ ಎಲ್ಲೆಡೆ ಶಾಶ್ವತವಲ್ಲ. ಹಳೆಯ ತಾಮ್ರದ ಜಾಲವನ್ನು ದೇಶಗಳು ಒಂದೊಂದಾಗಿ ಮುಚ್ಚುತ್ತಿವೆ. ಬ್ರಿಟನ್ ಇಟ್ಟುಕೊಂಡಿರುವ ಗಡುವು 2027ರ ಜನವರಿ ಅಂತ್ಯ.

ಮೂರು ದಾರಿಗಳು

ಹೋಸ್ಟ್ ಮಾಡಿದ ಸೇವೆಯಲ್ಲಿ ಎಕ್ಸ್‌ಚೇಂಜ್ ಸೇವಾದಾರರ ಸರ್ವರ್‌ನಲ್ಲಿರುತ್ತದೆ. ನಿಮ್ಮಲ್ಲಿ ಫೋನ್ ಮತ್ತು ಇಂಟರ್ನೆಟ್ ಇದ್ದರೆ ಸಾಕು. ಐಟಿ ಸಿಬ್ಬಂದಿ ಇಲ್ಲದ ಕಚೇರಿಗೆ ಇದೇ ಸರಿ. ಎರಡನೆಯದು ಸ್ವಂತ ಐಪಿ ಪಿಬಿಎಕ್ಸ್, ಅಂದರೆ ನಿಮ್ಮದೇ ಇಂಟರ್ನೆಟ್ ಎಕ್ಸ್‌ಚೇಂಜ್. ಆಸ್ಟೆರಿಸ್ಕ್‌ನಂಥ ಮುಕ್ತ ತಂತ್ರಾಂಶವನ್ನು ಸಣ್ಣ ಸರ್ವರ್‌ನಲ್ಲಿ ಹಾಕಿ ಸಿಪ್ ಟ್ರಂಕ್ ಜೋಡಿಸಿಕೊಳ್ಳುವುದು. ತಂತ್ರಾಂಶ ಉಚಿತ, ಆದರೆ ಅದರ ಅಪ್‌ಡೇಟ್, ಬ್ಯಾಕಪ್, ಭದ್ರತೆ ನಿಮ್ಮ ಹೊಣೆ. ಆ ಕೆಲಸಕ್ಕೆ ಗೊತ್ತುಪಡಿಸಿದ ಒಬ್ಬ ವ್ಯಕ್ತಿ ಇಲ್ಲದಿದ್ದರೆ ಈ ದಾರಿ ಬೇಡ.

ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಇಪಿಎಬಿಎಕ್ಸ್ ಇನ್ನೂ ಗಟ್ಟಿಯಾಗಿದ್ದರೆ ಅದನ್ನು ಉಳಿಸಿಕೊಂಡು, ಹೊರಗಿನ ಲೈನ್ ಬರುವ ಜಾಗದಲ್ಲಿ ಗೇಟ್‌ವೇ (ಹಳೆಯ ಲೈನ್‌ಗೂ ಇಂಟರ್ನೆಟ್ ಕರೆಗೂ ಸೇತುವೆಯಾಗುವ ಪೆಟ್ಟಿಗೆ) ಕೂರಿಸಿ ಸಿಪ್ ಟ್ರಂಕ್‌ಗೆ ಜೋಡಿಸಬಹುದು. ಒಳಗಿನ ಫೋನ್, ವೈರ್ ಯಾವುದೂ ಬದಲಾಗುವುದಿಲ್ಲ. ಮೊಬೈಲ್ ಆ್ಯಪ್‌ನ ಸೌಲಭ್ಯ ಸಿಗದಿದ್ದರೂ ಲೈನ್ ಬಾಡಿಗೆಯ ಖರ್ಚು ತಪ್ಪುತ್ತದೆ, ಸಿಬ್ಬಂದಿಗೆ ಹೊಸದೇನನ್ನೂ ಕಲಿಸಬೇಕಿಲ್ಲ. ನೂರಾರು ಕೋಣೆಗಳಿರುವ ಹೋಟೆಲು, ಆಸ್ಪತ್ರೆಗಳಿಗೆ ಇದನ್ನೇ ಮೊದಲ ಹೆಜ್ಜೆಯಾಗಿ ಇಡುವುದು ಜಾಣತನ.

ಯಾವ ದಾರಿ ಹಿಡಿದರೂ ನಿಮ್ಮ ದೇಶದ ದೂರಸಂಪರ್ಕ ನಿಯಮವನ್ನು ಮೊದಲು ನೋಡಿ. ಇಂಟರ್ನೆಟ್ ಕರೆಯನ್ನು ಸಾರ್ವಜನಿಕ ದೂರವಾಣಿ ಜಾಲಕ್ಕೆ ಸೇರಿಸುವ ಕೆಲಸ ಪರವಾನಗಿ ಇರುವ ಸಂಸ್ಥೆಯ ಮೂಲಕವೇ ಆಗಬೇಕೆಂಬ ಕಟ್ಟುಪಾಡು ಹಲವೆಡೆ ಇದೆ. ಕರೆ ರೆಕಾರ್ಡ್ ಮಾಡುವುದಕ್ಕೆ ಎದುರಿನವರ ಒಪ್ಪಿಗೆ ಬೇಕೇ ಎಂಬುದೂ ದೇಶದಿಂದ ದೇಶಕ್ಕೆ ಬೇರೆ.

ಇರುವ ಲೈನ್‌ಗಳ ಸಮೀಕ್ಷೆ

ಬಿಲ್‌ನಲ್ಲಿರುವ ಪ್ರತಿ ನಂಬರನ್ನೂ ಒಂದು ಹಾಳೆಯಲ್ಲಿ ಬರೆದು, ಒಂದೊಂದಕ್ಕೂ ಕರೆ ಮಾಡಿ ಎಲ್ಲಿ ಸದ್ದಾಗುತ್ತದೆಂದು ನೋಡಿ. ಎಲ್ಲಿಯೂ ಸದ್ದಾಗದ ನಂಬರ್‌ಗಳೇ ಅಪಾಯದವು. ಲಿಫ್ಟ್‌ನೊಳಗಿನ ತುರ್ತು ಫೋನ್, ಬೆಂಕಿ ಅಥವಾ ಕಳ್ಳತನದ ಅಲಾರಂ, ಹಳೆಯ ಕಾರ್ಡ್ ಸ್ವೈಪ್ ಯಂತ್ರ, ಗೇಟಿನ ಡೋರ್‌ಫೋನ್, ಫ್ಯಾಕ್ಸ್ ಇವೆಲ್ಲ ಅಂಥ ಲೈನ್‌ಗಳ ಮೇಲೆ ಕೂತಿರುತ್ತವೆ. ಲೈನ್ ಕಡಿದ ದಿನ ಯಾರಿಗೂ ಗೊತ್ತಾಗುವುದಿಲ್ಲ. ಲಿಫ್ಟ್‌ನಲ್ಲಿ ಯಾರಾದರೂ ಸಿಕ್ಕಿಹಾಕಿಕೊಂಡ ದಿನ ಗೊತ್ತಾಗುತ್ತದೆ.

ಇಂಥ ಸಾಧನಗಳನ್ನು ಎಫ್‌ಎಕ್ಸ್‌ಎಸ್ ಪೋರ್ಟ್ (ಹಳೆಯ ಫೋನ್ ಜೋಡಿಸುವ ಕಿಂಡಿ) ಇರುವ ಅಡಾಪ್ಟರ್ ಮೂಲಕ ಇಂಟರ್ನೆಟ್‌ಗೆ ತರಬಹುದು, ಆದರೆ ಎಲ್ಲವೂ ಒಗ್ಗುವುದಿಲ್ಲ. ಫ್ಯಾಕ್ಸ್‌ಗೆ ಟಿ.38 ಎಂಬ ಪ್ರೊಟೊಕಾಲ್ ಅಡಾಪ್ಟರ್‌ನಲ್ಲೂ ಸೇವಾದಾರರಲ್ಲೂ ಇರಬೇಕು. ಸಾಮಾನ್ಯ ಧ್ವನಿಯ ಕರೆಯಾಗಿ ಕಳಿಸಿದರೆ ಒಂದು ಪುಟ ಹೋಗಿ ಎರಡನೆಯದಕ್ಕೆ ನಿಂತುಬಿಡುವುದು ಸಾಮಾನ್ಯ. ಜೀವರಕ್ಷಣೆಯ ಲೈನ್‌ಗಳ ವಿಚಾರದಲ್ಲಿ ನಮ್ಮ ಸಲಹೆ ಒಂದೇ. ಲಿಫ್ಟ್ ಮತ್ತು ಅಗ್ನಿ ಅಲಾರಂ ಕಂಪನಿಯವರಿಂದ ಲಿಖಿತ ಒಪ್ಪಿಗೆ ಬರುವವರೆಗೆ ಅವನ್ನು ಮುಟ್ಟಬೇಡಿ. ಮೊಬೈಲ್ ಸಿಮ್ ಹಾಕುವ ಘಟಕಗಳು ಇವುಗಳಿಗೆ ಹೆಚ್ಚು ಸೂಕ್ತ.

ಎಷ್ಟು ಚಾನೆಲ್ ಬೇಕು

ಊಹೆಯಿಂದ ಹೇಳಬೇಡಿ. ಡೆನ್ಮಾರ್ಕ್‌ನ ಗಣಿತಜ್ಞ ಅರ್ಲಾಂಗ್ 1917ರಲ್ಲಿ ಪ್ರಕಟಿಸಿದ ಸೂತ್ರ ಇಂದಿಗೂ ಇದೇ ಕೆಲಸಕ್ಕೆ ಬಳಕೆಯಲ್ಲಿದೆ. ಅದನ್ನು ಲೆಕ್ಕ ಹಾಕಿಕೊಡುವ ಕ್ಯಾಲ್ಕುಲೇಟರ್‌ಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ದಿನದ ಅತ್ಯಂತ ಗಡಿಬಿಡಿಯ ಒಂದು ಗಂಟೆಯನ್ನು ತೆಗೆದುಕೊಳ್ಳಿ. ಆ ಗಂಟೆಯಲ್ಲಿ, ಬಂದ ಮತ್ತು ಹೋದ ಕರೆ ಸೇರಿ, 120 ಕರೆಗಳಾಗುತ್ತವೆ, ಸರಾಸರಿ ಒಂದೊಂದು 3 ನಿಮಿಷದ್ದು ಎಂದಿಟ್ಟುಕೊಳ್ಳಿ. ಒಟ್ಟು 360 ನಿಮಿಷ, ಅಂದರೆ 6 ಗಂಟೆಯ ಮಾತು ಒಂದು ಗಂಟೆಯಲ್ಲಿ. ಇದು 6 ಅರ್ಲಾಂಗ್. ಆರೇ ಚಾನೆಲ್ ಇಟ್ಟರೆ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಕರೆಗೆ ಎಂಗೇಜ್ ಸಿಗುತ್ತದೆ, ಏಕೆಂದರೆ ಕರೆಗಳು ಸರದಿಯಲ್ಲಿ ಬರುವುದಿಲ್ಲ, ಗುಂಪುಗುಂಪಾಗಿ ಬರುತ್ತವೆ. ಎಂಗೇಜ್ ಸಿಗುವ ಪ್ರಮಾಣ ಶೇ 1ಕ್ಕಿಂತ ಕೆಳಗಿರಬೇಕಾದರೆ 13 ಚಾನೆಲ್ ಬೇಕು. ಐವಿಆರ್‌ನಲ್ಲಿ (ಅಂಕಿ ಒತ್ತಿ ಎನ್ನುವ ಸ್ವಯಂಚಾಲಿತ ಧ್ವನಿಯ ವ್ಯವಸ್ಥೆ) ಸಂಗೀತ ಕೇಳುತ್ತ ಕಾಯುವ ಗ್ರಾಹಕ ಕೂಡ ಒಂದು ಚಾನೆಲ್ ಹಿಡಿದಿರುತ್ತಾನೆ. ಬಂದ ಕರೆಯನ್ನು ಹೊರಗಿನ ಮೊಬೈಲ್‌ಗೆ ಫಾರ್ವರ್ಡ್ ಮಾಡಿದರೆ ಎರಡು ಚಾನೆಲ್ ಹೋಗುತ್ತವೆ. ಈ ಎರಡನ್ನೂ ಲೆಕ್ಕಕ್ಕೆ ಸೇರಿಸಿ.

ಇಂಟರ್ನೆಟ್ ಸಂಪರ್ಕ: ವೇಗಕ್ಕಿಂತ ಸ್ಥಿರತೆ

ಸಾಮಾನ್ಯವಾಗಿ ಬಳಸುವ ಜಿ.711 ಕೋಡೆಕ್ (ಮಾತನ್ನು ಡಿಜಿಟಲ್ ಆಗಿಸುವ ವಿಧಾನ) ಧ್ವನಿಯನ್ನು ಸೆಕೆಂಡಿಗೆ 64 ಕಿಲೋಬಿಟ್ ಆಗಿಸಿ, 20 ಮಿಲಿಸೆಕೆಂಡ್‌ಗೊಂದರಂತೆ ಸೆಕೆಂಡಿಗೆ 50 ಪ್ಯಾಕೆಟ್‌ಗಳಲ್ಲಿ ಕಳಿಸುತ್ತದೆ. ಪ್ರತಿ ಪ್ಯಾಕೆಟ್‌ಗೂ ವಿಳಾಸದ ಹೊದಿಕೆ ಸೇರಿ ಎತರ್ನೆಟ್ ಮೇಲೆ ಒಂದು ಕರೆಗೆ ಎರಡೂ ದಿಕ್ಕಿನಲ್ಲಿ ತಲಾ ಸುಮಾರು 87 ಕೆಬಿಪಿಎಸ್ ಆಗುತ್ತದೆ. ಮೇಲಿನ 13 ಚಾನೆಲ್‌ಗೆ 1.13 ಎಂಬಿಪಿಎಸ್, ಅಂಚು ಬಿಟ್ಟು 1.5 ಎಂದಿಟ್ಟುಕೊಳ್ಳಿ. ಜಿ.729 ಬಳಸಿದರೆ ಕರೆಗೆ 31 ಕೆಬಿಪಿಎಸ್ ಸಾಕು, ಆದರೆ ಧ್ವನಿಯ ಗುಣ ಇಳಿಯುತ್ತದೆ. ಇಂದಿನ ಸಂಪರ್ಕಗಳಲ್ಲಿ ಆ ಉಳಿತಾಯಕ್ಕೆ ಅರ್ಥವಿಲ್ಲ. ಕಚೇರಿಯೊಳಗಿನ ಕರೆಗಳಿಗೆ ಜಿ.722 ಹಾಕಿ, ಅದು ಜಿ.711ರಷ್ಟೇ ಜಾಗ ತೆಗೆದುಕೊಂಡು, 3,400 ಹರ್ಟ್ಸ್‌ಗೆ ನಿಲ್ಲುವ ಧ್ವನಿಯನ್ನು 7,000 ಹರ್ಟ್ಸ್‌ವರೆಗೆ ಒಯ್ಯುತ್ತದೆ. ಸ, ಶ, ಫ ಸ್ಪಷ್ಟವಾಗಿ ಕೇಳಿಸುವುದು ಆಗಲೇ.

ಒಂದೂವರೆ ಎಂಬಿಪಿಎಸ್ ಸಾಕು ಎಂದಮೇಲೆ 100 ಎಂಬಿಪಿಎಸ್ ಇರುವ ಕಚೇರಿಯಲ್ಲೂ ಮಾತು ಕಡಿಯುವುದೇಕೆ? ಉತ್ತರ ಬಹುತೇಕ ಸಲ ಅಪ್‌ಲೋಡ್‌ನಲ್ಲಿದೆ. ನಿಮ್ಮ ಅಪ್‌ಲೋಡ್ 10 ಎಂಬಿಪಿಎಸ್ ಇದ್ದು, ರೂಟರ್‌ನ ಬಫರ್ (ಹೊರಹೋಗುವ ಪ್ಯಾಕೆಟ್‌ಗಳು ಸರದಿ ಕಾಯುವ ಜಾಗ) 1 ಮೆಗಾಬೈಟ್ ಇದೆ ಎನ್ನಿ. ಯಾರೋ ಕ್ಲೌಡ್ ಬ್ಯಾಕಪ್ ಶುರು ಮಾಡಿದಾಗ ಆ ಬಫರ್ ತುಂಬಿಕೊಳ್ಳುತ್ತದೆ. ಅದನ್ನು ಖಾಲಿ ಮಾಡಲು ಲೈನ್‌ಗೆ 0.8 ಸೆಕೆಂಡ್ ಬೇಕು, ನಿಮ್ಮ ಧ್ವನಿಯ ಪ್ಯಾಕೆಟ್ ಅದರ ಬಾಲಕ್ಕೆ ನಿಂತಿರುತ್ತದೆ. ಮಾತಿಗೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ಒಳಗಿರಬೇಕೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ (ಐಟಿಯು) ಶಿಫಾರಸು ಹೇಳುತ್ತದೆ. 400 ದಾಟಿದರೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡತೊಡಗುತ್ತಾರೆ. ಅಪ್‌ಲೋಡ್ ತುಂಬಿದಾಗ ನಿಮಗೆ ಎದುರಿನವರು ಚೆನ್ನಾಗಿ ಕೇಳಿಸುತ್ತಾರೆ, ಅವರಿಗೆ ನೀವು ಕೇಳಿಸುವುದಿಲ್ಲ. ಹೀಗಾಗಿ ಕಚೇರಿಯವರು ದೋಷ ಗ್ರಾಹಕನ ಫೋನಿನದೆಂದು ತಿಳಿದು ಸುಮ್ಮನಿರುತ್ತಾರೆ.

ಪರೀಕ್ಷೆ ಸುಲಭ. ಕೆಲಸದ ಹೊತ್ತಿನಲ್ಲಿ ಸೇವಾದಾರರ ಸರ್ವರ್‌ಗೆ ಹತ್ತು ನಿಮಿಷ ಪಿಂಗ್ (ಉತ್ತರ ಬರಲು ಹಿಡಿಯುವ ಹೊತ್ತನ್ನು ಅಳೆಯುವ ಆದೇಶ) ಓಡಿಸಿ. ನಡುವೆ ಒಂದು ದೊಡ್ಡ ಕಡತವನ್ನು ಅಪ್‌ಲೋಡ್‌ಗೆ ಹಾಕಿ. ಸುಮ್ಮನಿದ್ದಾಗ 20 ಮಿಲಿಸೆಕೆಂಡ್ ಇದ್ದ ಅಂಕಿ ಆಗ 300ಕ್ಕೆ ಹಾರಿದರೆ ನಿಮ್ಮ ರೋಗ ಗೊತ್ತಾಯಿತು. ವೇಗದ ಪ್ಲಾನ್ ಕೊಂಡರೆ ಇದು ಮರೆಯಾಗಬಹುದು, ವಾಸಿಯಾಗುವುದಿಲ್ಲ. ಮದ್ದು ಏನೆಂದರೆ, ರೂಟರ್‌ನಲ್ಲಿ ಸರದಿ ನಿರ್ವಹಣೆಯನ್ನು, ಅಂದರೆ ಎಫ್‌ಕ್ಯೂ-ಕೋಡೆಲ್ ಅಥವಾ ಕೇಕ್ ಎಂಬ ವಿಧಾನವನ್ನು, ಚಾಲೂ ಮಾಡಿ ಅಪ್‌ಲೋಡ್ ಮಿತಿಯನ್ನು ಅಳೆದ ನಿಜವೇಗದ ಶೇ 90ರ ಆಸುಪಾಸಿಗೆ ಇಡುವುದು. ಆಗ ಸರದಿ ನಿಮ್ಮ ರೂಟರ್‌ನಲ್ಲೇ ನಿಲ್ಲುತ್ತದೆ, ಮಾತಿನ ಪ್ಯಾಕೆಟ್ ಅದನ್ನು ದಾಟಿ ಮುಂದೆ ಹೋಗುತ್ತದೆ. ಧ್ವನಿಯ ಪ್ಯಾಕೆಟ್‌ಗಳಿಗೆ ಡಿಎಸ್‌ಸಿಪಿ 46 ಎಂಬ ಆದ್ಯತೆಯ ಗುರುತು ಹಾಕಿಸಿ ಆದ್ಯತೆ ಕೊಡಿ. ಆ ಗುರುತಿಗೆ ಬೆಲೆ ನಿಮ್ಮ ಕಟ್ಟಡದೊಳಗೆ ಮಾತ್ರ. ಹೊರಗಿನ ಸಾರ್ವಜನಿಕ ಇಂಟರ್ನೆಟ್ ಅದನ್ನು ಗಮನಿಸುತ್ತದೆಂದು ನಂಬಿ ಕೂರಬೇಡಿ.

ಒಂದು ವಾರದ ಅಳತೆಯಲ್ಲಿ ಪ್ಯಾಕೆಟ್ ನಷ್ಟ ಶೇ 1ರ ಕೆಳಗೆ, ಜಿಟರ್ (ಪ್ಯಾಕೆಟ್‌ಗಳ ವಿಳಂಬದಲ್ಲಿನ ಏರಿಳಿತ) 30 ಮಿಲಿಸೆಕೆಂಡ್ ಕೆಳಗೆ ಇದ್ದರೆ ಮುಂದುವರಿಯಿರಿ. ಇಲ್ಲದಿದ್ದರೆ ಮೊದಲು ಅದನ್ನು ಸರಿಪಡಿಸಿ, ಫೋನ್‌ಗಳ ಆರ್ಡರ್ ಕಾಯಲಿ.

ಎರಡನೆಯ ಸಂಪರ್ಕ ಬೇರೆ ಕಂಪನಿಯದಾಗಿರುವುದಷ್ಟೇ ಸಾಲದು, ಬೇರೆ ದಾರಿಯಲ್ಲಿ ಬಂದಿರಬೇಕು. ಎರಡೂ ಕೇಬಲ್ ಒಂದೇ ಕಂಬದ ಮೇಲಿದ್ದರೆ ಒಂದೇ ಲಾರಿ ಎರಡನ್ನೂ ಕಡಿಯುತ್ತದೆ. 4ಜಿ ರೂಟರ್ ಒಳ್ಳೆಯ ಮೀಸಲು. ಸಂಪರ್ಕ ಒಂದರಿಂದ ಇನ್ನೊಂದಕ್ಕೆ ಹಾರುವಾಗ ನಡೆಯುತ್ತಿರುವ ಕರೆಗಳು ಕಡಿಯುತ್ತವೆ, ಫೋನ್‌ಗಳು ಮತ್ತೆ ನೋಂದಣಿಯಾಗಲು ಒಂದೆರಡು ನಿಮಿಷ ಹಿಡಿಯಬಹುದು ಎಂಬುದನ್ನು ಸಿಬ್ಬಂದಿಗೆ ಮೊದಲೇ ಹೇಳಿಡಿ.

ಕಟ್ಟಡದೊಳಗಿನ ಕೆಲಸ

ಮೇಜಿನ ಫೋನ್‌ಗೆ ವೈಫೈ ಬೇಡ, ತಂತಿ ಎಳೆಯಿರಿ. ಕ್ಯಾಟ್5ಇ ಕೇಬಲ್ ಸಾಕು. ಪ್ರತಿ ಮೇಜಿಗೆ ಒಂದೇ ಕೇಬಲ್ ಇದ್ದರೆ ಫೋನ್‌ನ ಹಿಂಬದಿಯ ಎರಡನೆಯ ಪೋರ್ಟ್‌ನಿಂದ ಕಂಪ್ಯೂಟರ್‌ಗೆ ಸಂಪರ್ಕ ಕೊಡಬಹುದು, ಆದರೆ ಆ ಪೋರ್ಟ್ ಗಿಗಾಬಿಟ್ ಆಗಿದೆಯೇ ನೋಡಿ. ಅಗ್ಗದ ಮಾದರಿಗಳಲ್ಲಿ ಅದು 100 ಎಂಬಿಪಿಎಸ್ ಇರುತ್ತದೆ, ದೊಡ್ಡ ಕಡತ ಬಳಸುವವರ ಕಂಪ್ಯೂಟರ್ ಇದ್ದಕ್ಕಿದ್ದಂತೆ ನಿಧಾನವಾಗುತ್ತದೆ.

ವಿದ್ಯುತ್ತಿಗೆ ಪಿಒಇ ಸ್ವಿಚ್ ಹಾಕಿ. ನೆಟ್‌ವರ್ಕ್ ಕೇಬಲ್‌ನಲ್ಲೇ ವಿದ್ಯುತ್ ಹೋಗುವುದರಿಂದ ಮೇಜಿಗೊಂದು ಅಡಾಪ್ಟರ್ ಬೇಕಾಗುವುದಿಲ್ಲ. ಇಲ್ಲೊಂದು ಲೆಕ್ಕ ತಪ್ಪುತ್ತದೆ. 802.3ಎಎಫ್ ಮಾನದಂಡದಲ್ಲಿ ಪೋರ್ಟ್‌ಗೆ ಗರಿಷ್ಠ 15.4 ವ್ಯಾಟ್. 24 ಪೋರ್ಟ್ ಇರುವ ಸ್ವಿಚ್‌ನ ಒಟ್ಟು ವಿದ್ಯುತ್ ಸಾಮರ್ಥ್ಯ 190 ವ್ಯಾಟ್ ಇದ್ದರೆ, ಫೋನ್ ನಿಜವಾಗಿ ಬಳಸುವುದು ಐದಾರು ವ್ಯಾಟ್ ಆದರೂ, ಸ್ವಿಚ್ ಪ್ರತಿಯೊಂದಕ್ಕೂ 15.4 ಕಾಯ್ದಿರಿಸಿದರೆ 12 ಫೋನ್‌ಗೆ ಕೈ ಎತ್ತುತ್ತದೆ. ಫೋನ್‌ನ ಪಿಒಇ ವರ್ಗವನ್ನು ನೋಡಿ, ಸ್ವಿಚ್‌ನಲ್ಲಿ ನಿಜಬಳಕೆಯ ಆಧಾರದ ಹಂಚಿಕೆ ಇದೆಯೇ ಎಂದು ಕೇಳಿ ಕೊಳ್ಳಿ.

ತಾಮ್ರದ ಫೋನ್‌ಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ ಬರುತ್ತಿತ್ತು, ಊರು ಕತ್ತಲಾದರೂ ಅದು ಸದ್ದು ಮಾಡುತ್ತಿತ್ತು. ಐಪಿ ಫೋನ್ ಹಾಗಲ್ಲ. ಸ್ವಿಚ್, ರೂಟರ್ ಎರಡನ್ನೂ ಯುಪಿಎಸ್‌ಗೆ ಜೋಡಿಸಿ, ಫೈಬರ್ ಬಂದು ಸೇರುವ ಆ ಸಣ್ಣ ಪೆಟ್ಟಿಗೆಯನ್ನು ಗೋಡೆಯ ಸಾಕೆಟ್‌ನಲ್ಲೇ ಬಿಟ್ಟಿರುವ ಕಚೇರಿಗಳು ಲೆಕ್ಕವಿಲ್ಲದಷ್ಟಿವೆ. ಮೂರೂ ಯುಪಿಎಸ್ ಮೇಲಿರಲಿ. ಒಂದು ದಿನ ಕಟ್ಟಡದ ವಿದ್ಯುತ್ತಿನ ಮೇನ್ ಆಫ್ ಮಾಡಿ ಹೊರಗಿನ ನಂಬರಿಗೆ ಕರೆ ಹೋಗುತ್ತದೆಯೇ ಎಂದು ಪರೀಕ್ಷಿಸಿ.

ಫೋನ್‌ಗಳಿಗೆ ಪ್ರತ್ಯೇಕ ವಿಲ್ಯಾನ್, ಅಂದರೆ ಅದೇ ತಂತಿಗಳ ಮೇಲೆ ಬೇರೆಯಾಗಿ ವಿಂಗಡಿಸಿದ ಜಾಲ, ಮಾಡಿ. ಇದರಿಂದ ಆದ್ಯತೆ ಕೊಡುವುದು ಸುಲಭ, ಕಂಪ್ಯೂಟರ್‌ಗೆ ವೈರಸ್ ತಗುಲಿದರೂ ಫೋನ್‌ಗಳು ದೂರ ಉಳಿಯುತ್ತವೆ. ಎಲ್‌ಎಲ್‌ಡಿಪಿ-ಮೆಡ್ ಬೆಂಬಲಿಸುವ ಸ್ವಿಚ್ ಆದರೆ ಫೋನ್ ತಾನಾಗಿಯೇ ಸರಿಯಾದ ವಿಲ್ಯಾನ್ ಸೇರುತ್ತದೆ. ಡಿಎಚ್‌ಸಿಪಿಯ (ಸಾಧನಗಳಿಗೆ ಐಪಿ ವಿಳಾಸ ಹಂಚುವ ವ್ಯವಸ್ಥೆ) 66ನೇ ಆಯ್ಕೆಯಲ್ಲಿ ಸರ್ವರ್ ವಿಳಾಸ ಕೊಟ್ಟಿದ್ದರೆ ಫೋನ್ ತನ್ನ ಸೆಟ್ಟಿಂಗ್ಸ್ ಅಲ್ಲಿಂದ ತೆಗೆದುಕೊಳ್ಳುತ್ತದೆ. ಐವತ್ತು ಫೋನ್‌ಗೆ ಒಂದೊಂದಾಗಿ ಪಾಸ್‌ವರ್ಡ್ ಒತ್ತುತ್ತ ಕೂರುವುದು ತಪ್ಪುತ್ತದೆ.

ಕಳ್ಳತನ ತಡೆ

ಸಿಪ್ ಸಂದೇಶಗಳು ಬರುವ ಬಾಗಿಲಾದ 5060 ಪೋರ್ಟನ್ನು ಇಂಟರ್ನೆಟ್‌ಗೆ ತೆರೆದಿಟ್ಟರೆ ಅದನ್ನು ಯಂತ್ರಗಳು ಹಗಲು ರಾತ್ರಿ ತಟ್ಟುತ್ತಿರುತ್ತವೆ. ಎಕ್ಸ್‌ಟೆನ್ಷನ್ 101, ಪಾಸ್‌ವರ್ಡ್ 101 ಎಂದಿದ್ದರೆ ಸಿಕ್ಕಿಬಿಟ್ಟಿತು. ವಾರಾಂತ್ಯದ ರಾತ್ರಿ ನಿಮ್ಮ ಖಾತೆಯಿಂದ ದುಬಾರಿ ವಿದೇಶಿ ನಂಬರ್‌ಗಳಿಗೆ ಸಾಲುಸಾಲು ಕರೆ ಹೋಗುತ್ತದೆ, ಸೋಮವಾರ ಗೊತ್ತಾಗುತ್ತದೆ. ಬಿಲ್ ಕಟ್ಟಬೇಕಾದವರು ನೀವೇ, ಒಪ್ಪಂದದಲ್ಲಿ ಹಾಗೆಯೇ ಬರೆದಿರುತ್ತದೆ.

ತಡೆಯುವ ಕೆಲಸ ಒಂದು ಮಧ್ಯಾಹ್ನದ್ದು. ವಿದೇಶಿ ಕರೆಯನ್ನು ಪೂರ್ತಿ ಮುಚ್ಚಿ, ಬೇಕಾದ ದೇಶಗಳನ್ನು ಮಾತ್ರ ತೆರೆಯಿರಿ. ಸೇವಾದಾರರ ಕಡೆಯಿಂದಲೇ ದಿನದ ಖರ್ಚಿನ ಮಿತಿ ಹಾಕಿಸಿ. ನಿಮ್ಮ ಪಿಬಿಎಕ್ಸ್‌ನಲ್ಲಿ ಹಾಕಿದ ಮಿತಿಯನ್ನು ಒಳಹೊಕ್ಕ ಕಳ್ಳನೇ ತೆಗೆಯಬಲ್ಲ. ಸಿಪ್ ಪಾಸ್‌ವರ್ಡ್ 16 ಅಕ್ಷರಕ್ಕಿಂತ ಉದ್ದವಿರಲಿ, ಯಂತ್ರವೇ ಹುಟ್ಟಿಸಿದ್ದಾಗಿರಲಿ; ಯಾರೂ ಅದನ್ನು ನೆನಪಿಡಬೇಕಿಲ್ಲ. ಸ್ವಂತ ಪಿಬಿಎಕ್ಸ್ ಇದ್ದರೆ ಫೈರ್‌ವಾಲ್‌ನಲ್ಲಿ ಸೇವಾದಾರರ ಐಪಿ ವಿಳಾಸಗಳಿಗೆ ಮಾತ್ರ ಪ್ರವೇಶ ಕೊಡಿ, ಹೊರಗಿನ ಸಿಬ್ಬಂದಿ ವಿಪಿಎನ್ ಎಂಬ ಸುರಕ್ಷಿತ ದಾರಿಯ ಮೂಲಕ ಬರಲಿ. ಆ ವಿಪಿಎನ್, ಕಳೆದ ಪ್ಯಾಕೆಟ್‌ಗೆ ಕಾಯದ ಯುಡಿಪಿ ಎಂಬ ಸಾಗಣೆ ವಿಧಾನದ ಮೇಲೆ ಓಡಬೇಕು. ಟಿಸಿಪಿ ಮೇಲಿನ ವಿಪಿಎನ್ ಕಳೆದ ಪ್ಯಾಕೆಟ್‌ಗೆ ಕಾದು ಕಾದು ಮಾತನ್ನು ಹಾಳುಮಾಡುತ್ತದೆ. ಹೋಸ್ಟ್ ಮಾಡಿದ ಸೇವೆಯಾದರೆ ಟಿಎಲ್‌ಎಸ್ ಮತ್ತು ಎಸ್‌ಆರ್‌ಟಿಪಿ ಎಂಬ ಗೂಢಲಿಪಿ ವಿಧಾನಗಳು ಎರಡೂ ಇವೆಯೇ ಕೇಳಿ. ಮೊದಲನೆಯದು ಯಾರು ಯಾರಿಗೆ ಕರೆ ಮಾಡಿದರೆಂಬುದನ್ನು, ಎರಡನೆಯದು ಮಾತನ್ನು ಕಾಪಾಡುತ್ತದೆ.

ಮೊದಲು ಒಂದು ವಿಭಾಗ, ಕೊನೆಗೆ ನಂಬರ್

ಐದರಿಂದ ಹತ್ತು ಜನರ ಒಂದು ವಿಭಾಗವನ್ನು ತಾತ್ಕಾಲಿಕ ಹೊಸ ನಂಬರ್ ಮೇಲೆ ಎರಡು ವಾರ ಓಡಿಸಿ. ಐಟಿಯವರನ್ನು ಆರಿಸಬೇಡಿ, ಅವರು ತೊಂದರೆಯನ್ನು ತಾವೇ ಸುತ್ತಿ ದಾಟಿಬಿಡುತ್ತಾರೆ. ದಿನವಿಡೀ ಫೋನ್ ಹಿಡಿದಿರುವ ಮಾರಾಟ ಅಥವಾ ಗ್ರಾಹಕ ಸೇವೆಯವರನ್ನು ಆರಿಸಿ. ಈ ಎರಡು ವಾರದಲ್ಲಿ ಕರೆ ವರ್ಗಾವಣೆ, ಮೂವರ ಕಾನ್ಫರೆನ್ಸ್, ಬ್ಯಾಂಕ್ ಐವಿಆರ್‌ಗಳಲ್ಲಿ ಅಂಕಿ ಒತ್ತುವುದು, ಅರ್ಧ ಗಂಟೆ ಮೀರಿದ ಒಂದು ಕರೆ, ಮೊಬೈಲ್ ಆ್ಯಪ್ ಮುಚ್ಚಿದ್ದಾಗ ಕರೆ ಬರುವುದು ಇಷ್ಟನ್ನು ತಪ್ಪದೆ ಪರೀಕ್ಷಿಸಿ. ಮೊಬೈಲ್‌ನ ಬ್ಯಾಟರಿ ಉಳಿತಾಯದ ಸೆಟ್ಟಿಂಗ್ ಆ್ಯಪನ್ನು ಮಲಗಿಸಿಬಿಡುವುದರಿಂದ ಕೊನೆಯ ಪರೀಕ್ಷೆಯಲ್ಲಿ ಸೋಲುವವರೇ ಹೆಚ್ಚು. ಆ್ಯಪ್‌ಗೆ ಆ ಉಳಿತಾಯದಿಂದ ವಿನಾಯಿತಿ ಕೊಡಿ.

ಐವಿಆರ್ ಮೆನು ಚಿಕ್ಕದಿರಲಿ, ನಾಲ್ಕು ಆಯ್ಕೆ ಮೀರಬಾರದು. ಯಾವ ಅಂಕಿ ಒತ್ತದವರೂ ಒಬ್ಬ ಮನುಷ್ಯನನ್ನು ತಲುಪಬೇಕು. ಹೊರಹೋಗುವ ಕರೆಯಲ್ಲಿ ಕಾಣುವ ನಂಬರ್ ಯಾವುದೆಂದು ವಿಭಾಗವಾರು ಗೊತ್ತುಮಾಡಿ. ಇಲ್ಲದಿದ್ದರೆ ಗ್ರಾಹಕ ಮರಳಿ ಕರೆ ಮಾಡಿದಾಗ ಯಾರ ಮೇಜಿನದೆಂದೇ ಗೊತ್ತಿಲ್ಲದ ಫೋನ್ ಸದ್ದು ಮಾಡುತ್ತದೆ.

ತುರ್ತು ಸೇವೆಯ ನಂಬರ್‌ಗಳ ಬಗ್ಗೆ ಸೇವಾದಾರರಿಂದ ಸ್ಪಷ್ಟ ಉತ್ತರ ಪಡೆಯಿರಿ. ನಂಬರ್ ಎಲ್ಲಿಗೂ ಹೋಗಬಲ್ಲದ್ದರಿಂದ, ಕರೆ ಎಲ್ಲಿಂದ ಬಂತೆಂದು ಆಂಬುಲೆನ್ಸ್‌ನವರಿಗೆ ತಾನಾಗಿ ತಿಳಿಯುವುದಿಲ್ಲ. ಖಾತೆಯಲ್ಲಿ ಬರೆಸಿದ ವಿಳಾಸವೇ ಅವರಿಗೆ ಹೋಗಬಹುದು. ಶಾಖೆಗೊಂದು ವಿಳಾಸ ಬರೆಸಿ, ಕಚೇರಿ ಬದಲಾದ ದಿನವೇ ತಿದ್ದಿಸಿ. ಮನೆಯಿಂದ ಕೆಲಸ ಮಾಡುವವರಿಗೆ ತುರ್ತು ಕರೆಯನ್ನು ಸ್ವಂತ ಮೊಬೈಲ್‌ನಿಂದಲೇ ಮಾಡುವಂತೆ ಹೇಳಿ.

ಪೋರ್ಟಿಂಗ್, ಅಂದರೆ ಇರುವ ನಂಬರನ್ನು ಹೊಸ ಸೇವಾದಾರರಿಗೆ ವರ್ಗಾಯಿಸುವುದು, ಕೊನೆಯ ಹೆಜ್ಜೆ. ಹಳೆಯ ಬಿಲ್‌ನಲ್ಲಿರುವ ಹೆಸರು, ವಿಳಾಸ, ಖಾತೆ ಸಂಖ್ಯೆ ಅಕ್ಷರಶಃ ಹೊಂದಬೇಕು. ಕಂಪನಿಯ ಹೆಸರು ಬದಲಾಗಿದ್ದರೆ, ಲೈನ್ ಹಳೆಯ ಮಾಲೀಕರ ಹೆಸರಿನಲ್ಲಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ. ಪೋರ್ಟಿಂಗ್ ಪೂರ್ಣವಾಗುವ ಮೊದಲು ಹಳೆಯ ಲೈನನ್ನು ರದ್ದು ಮಾಡಬೇಡಿ. ರದ್ದಾದ ನಂಬರನ್ನು ಮರಳಿ ಪಡೆಯಲು ಆಗದೆ ಹೋಗಬಹುದು. ಇಂಟರ್ನೆಟ್ ಅದೇ ತಾಮ್ರದ ಲೈನ್ ಮೇಲೆ ಡಿಎಸ್‌ಎಲ್ ಆಗಿ ಬರುತ್ತಿದ್ದರೆ, ನಂಬರ್ ಹೋದ ಗಳಿಗೆಯಲ್ಲಿ ಇಂಟರ್ನೆಟ್ಟೂ ಹೋಗಬಹುದು, ಅದರ ಜೊತೆ ಹೊಸ ಫೋನ್‌ಗಳೂ. ಸ್ಥಿರ ದೂರವಾಣಿ ನಂಬರನ್ನು ಪೋರ್ಟ್ ಮಾಡುವ ಅವಕಾಶವೇ ಇಲ್ಲದ ಕಡೆ, ಹಳೆಯ ಲೈನ್ ಉಳಿಸಿಕೊಂಡು ಎಫ್‌ಎಕ್ಸ್‌ಒ ಗೇಟ್‌ವೇ (ಹೊರಗಿನ ಹಳೆಯ ಲೈನನ್ನೇ ಜೋಡಿಸಿಕೊಳ್ಳುವ ಗೇಟ್‌ವೇ) ಮೂಲಕ ಹೊಸ ವ್ಯವಸ್ಥೆಗೆ ಜೋಡಿಸಿ, ಅಥವಾ ಕಾಯಂ ಫಾರ್ವರ್ಡ್ ಹಾಕಿಸಿ.

ಬದಲಾವಣೆಗೆ ವಾರದ ನಡುವಿನ ಬೆಳಿಗ್ಗೆ ಒಳ್ಳೆಯದು. ವಾರದ ಕೊನೆಯ ಸಂಜೆ ಇಟ್ಟುಕೊಂಡರೆ, ತಪ್ಪಾದಾಗ ಸೇವಾದಾರರ ಕಡೆ ಎತ್ತುವವರು ಇರುವುದಿಲ್ಲ.

ಲಕ್ಷಣ ನೋಡಿ ಕಾರಣ ಹಿಡಿಯುವುದು

ಒಂದೇ ಕಡೆ ಕೇಳಿಸುತ್ತದೆ, ಇನ್ನೊಂದು ಕಡೆ ಪೂರ್ತಿ ಮೌನ: ನ್ಯಾಟ್ (ರೂಟರ್ ಒಳಗಿನ ವಿಳಾಸಗಳನ್ನು ಹೊರಗಿನ ವಿಳಾಸಕ್ಕೆ ಬದಲಿಸುವುದು) ತೊಂದರೆ. ಫೋನ್ ತನ್ನ ಒಳಗಿನ ಐಪಿ ವಿಳಾಸವನ್ನು ಎದುರಿನವರಿಗೆ ಕೊಟ್ಟಿದೆ, ಧ್ವನಿ ಅಲ್ಲಿಗೆ ತಲುಪಲಾಗದೆ ಹೋಗುತ್ತಿದೆ. ಮೊದಲು ರೂಟರ್‌ನಲ್ಲಿ ಸಿಪ್ ಎಎಲ್‌ಜಿ ಎಂಬ ಸೆಟ್ಟಿಂಗ್ ಹುಡುಕಿ ಆಫ್ ಮಾಡಿ. ಸಹಾಯ ಮಾಡಲೆಂದೇ ಇಟ್ಟ ಆ ಸೌಲಭ್ಯ ಸಿಪ್ ಸಂದೇಶಗಳನ್ನು ತಪ್ಪಾಗಿ ತಿದ್ದಿ ಅನೇಕ ದೂರುಗಳಿಗೆ ಕಾರಣವಾಗುತ್ತದೆ. ಆಮೇಲೂ ಸರಿಹೋಗದಿದ್ದರೆ ಆರ್‌ಟಿಪಿ ಪೋರ್ಟ್‌ಗಳು, ಅಂದರೆ ಧ್ವನಿ ಸಾಗುವ ಬಾಗಿಲುಗಳು, ಫೈರ್‌ವಾಲ್‌ನಲ್ಲಿ ತೆರೆದಿವೆಯೇ ನೋಡಿ. ಆಸ್ಟೆರಿಸ್ಕ್‌ನಲ್ಲಿ ಸಾಮಾನ್ಯವಾಗಿ 10000ದಿಂದ 20000.

ಎತ್ತಿದ ಕರೆ ಸರಿಯಾಗಿ 32 ಸೆಕೆಂಡಿಗೆ ಕಡಿಯುತ್ತದೆ: ಕರೆ ಎತ್ತಿದ್ದಕ್ಕೆ ಬರಬೇಕಾದ ಖಚಿತ ಸಂದೇಶ ದಾರಿಯಲ್ಲಿ ಕಳೆದಿದೆ. ಸಿಪ್ ನಿಯಮದ ಪ್ರಕಾರ ಅಷ್ಟು ಹೊತ್ತು ಕಾದು ಕರೆ ಮುಗಿಸಲಾಗುತ್ತದೆ. ಇದೂ ನ್ಯಾಟ್ ಇಲ್ಲವೇ ಎಎಲ್‌ಜಿ ತೊಂದರೆಯೇ. 15 ಅಥವಾ 30 ನಿಮಿಷಕ್ಕೆ ಕಡಿದರೆ ಸೆಷನ್ ಟೈಮರ್ (ಕರೆ ಇನ್ನೂ ನಡೆಯುತ್ತಿದೆಯೇ ಎಂದು ಆಗಾಗ ಖಚಿತಪಡಿಸುವ ಗಡಿಯಾರ) ಕಡೆ ಬೊಟ್ಟು ಮಾಡಿ. ಅದರ ರೂಢಿಯ ಅವಧಿ 1,800 ಸೆಕೆಂಡ್, ನವೀಕರಣ ಅರ್ಧಕ್ಕೆ.

ಹೊರಗೆ ಕರೆ ಹೋಗುತ್ತದೆ, ಒಳಗೆ ಬರುವುದು ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ: ರೂಟರ್ ತೆರೆದಿಟ್ಟ ಯುಡಿಪಿ ದಾರಿಯನ್ನು ಮುಚ್ಚುತ್ತಿದೆ. ಅನೇಕ ರೂಟರ್‌ಗಳು 30 ಸೆಕೆಂಡ್ ಸುಮ್ಮನಿದ್ದರೆ ಮುಚ್ಚುತ್ತವೆ. ದಾರಿ ತೆರೆದಿಡಲು ಫೋನ್ ಆಗಾಗ ಕಳಿಸುವ ಕೀಪ್-ಅಲೈವ್ ಸಂದೇಶದ ಅವಧಿಯನ್ನು 20–25 ಸೆಕೆಂಡಿಗೆ ಇಡಿ.

ಐವಿಆರ್‌ನಲ್ಲಿ ಒತ್ತಿದ ಅಂಕಿ ಹಿಡಿಯುವುದಿಲ್ಲ: ಡಿಟಿಎಂಎಫ್ ವಿಧಾನ (ಒತ್ತಿದ ಅಂಕಿಯನ್ನು ಕಳಿಸುವ ಬಗೆ) ಎರಡೂ ಕಡೆ ಆರ್‌ಎಫ್‌ಸಿ 4733 ಆಗಿದೆಯೇ ನೋಡಿ, ಹಳೆಯ ಸಾಧನಗಳ ಮೆನುವಿನಲ್ಲಿ ಇದಕ್ಕೆ 2833 ಎಂದಿರುತ್ತದೆ. ಪ್ರತಿಧ್ವನಿಯ ದೂರು ಬಂದರೆ, ಯಾರಿಗೆ ಕೇಳಿಸುತ್ತದೋ ಅವರ ಎದುರಿನವರ ಸಾಧನವನ್ನು ಪರೀಕ್ಷಿಸಿ. ಹೆಡ್‌ಸೆಟ್‌ನ ಧ್ವನಿ ಹೆಚ್ಚಾಗಿ ಮೈಕ್‌ಗೆ ಸೋರುವುದು, ಹಳೆಯ ಲೈನ್ ಜೋಡಿಸಿದ ಗೇಟ್‌ವೇ, ಇವೆರಡೇ ಮುಖ್ಯ ಕಾರಣ.

ಬದಲಾವಣೆಯಾದ ಮೊದಲ ತಿಂಗಳು ಹಳೆಯ ಇಪಿಎಬಿಎಕ್ಸ್‌ನ ವೈರ್ ಕಿತ್ತುಹಾಕಬೇಡಿ. ತಿಂಗಳ ಕೊನೆಗೆ ಹಳೆಯ ಕಂಪನಿಯ ಬಿಲ್ ತರಿಸಿ ಸಮೀಕ್ಷೆಯ ಹಾಳೆಯ ಪಕ್ಕದಲ್ಲಿಟ್ಟು ನೋಡಿ. ಪೋರ್ಟ್ ಆದ ನಂಬರ್‌ಗಳು ತಾವಾಗಿ ಮುಚ್ಚಿರುತ್ತವೆ, ಆದರೆ ಪೋರ್ಟ್ ಮಾಡದೆ ಬಿಟ್ಟ ಲೈನ್‌ಗಳ ಬಾಡಿಗೆ ಬರುತ್ತಲೇ ಇರುತ್ತದೆ. ಅವುಗಳ ರದ್ದತಿಯನ್ನು ನಂಬರ್ ಸಮೇತ ಲಿಖಿತವಾಗಿ ಕೇಳಿ, ಸ್ವೀಕೃತಿ ಪತ್ರವನ್ನು ಮುಂದಿನ ಎರಡು ಬಿಲ್ ಬರುವವರೆಗೆ ಕಡತದಲ್ಲಿಡಿ.